ಗಾಳಿ ಸಾಲು

ನಮ್ಮ ಹೆಡ್‌ಮಾಸ್ಟರು ವಿಜ್ಞಾನ ಓದಿದವರಲ್ಲ. ಆದರೂ ತಾವೊಬ್ಬ ವಿಜ್ಞಾನಿ ಎಂಬ ಭ್ರಮೆ ಅವರಿಗಿದೆ. ಜೀವಮಾನದಲ್ಲಿ ಅವರು ಕಂಡುಹಿಡಿದದ್ದು ಒಂದೇ ಒಂದು. ಅದನ್ನು ನಾನು ಕೆಲಸಕ್ಕೆ ಸೇರಿದ ದಿನ, ಮೊದಲ ಪೀರಿಯಡ್ಡಿನಲ್ಲೇ ನೋಡಿದೆ.

ಒಂಬತ್ತನೇ ಕ್ಲಾಸು. ಹೊಸ ಟೀಚರು ಬಂದರೆ ಮಕ್ಕಳು ಅಳೆಯುವುದುಂಟಲ್ಲ, ಇವಳು ಹೊಡೆಯುವವಳೋ ಅಳುವವಳೋ ಎಂದು, ಹಾಗೆ ನನ್ನನ್ನೂ ಅಳೆಯುತ್ತಿದ್ದರು. ನಾನು ಹಲಗೆಯ ಮೇಲೆ ವಿಷಯ ಬರೆದು ತಿರುಗುವಷ್ಟರಲ್ಲಿ ಜವಾನ ಬಾಗಿಲಿಗೆ ಬಂದ. ನನ್ನ ಕಡೆ ನೋಡಲಿಲ್ಲ. ಎಡಗಡೆಯ ಕಿಟಕಿ ಸರಳಿಗೆ ಕಟ್ಟಿದ್ದ ಬಟ್ಟೆ ಚೂರನ್ನು ನೋಡಿದ. ಅದು ಕ್ಲಾಸಿನ ಒಳಕ್ಕೆ ಹಾರುತ್ತಿತ್ತು.

"ಬದಲು" ಎಂದ. ಹೋದ.

ಎಡಗೋಡೆಯ ಬೆಂಚುಗಳಲ್ಲಿದ್ದವರು ಎದ್ದರು. ಚೀಲ ಎತ್ತಿಕೊಂಡು ತಲೆ ತಗ್ಗಿಸಿ ಬಲಗೋಡೆಗೆ ನಡೆದರು. ಬಲಗೋಡೆಯವರು ಎದ್ದು ಇವರ ಜಾಗಕ್ಕೆ ಬಂದರು. ಕೂರುವ ಮೊದಲು ಬೆಂಚನ್ನು ಒರೆಸಿಕೊಂಡರು. ಮಧ್ಯದ ಸಾಲಿನವರು ಕಾಲು ಒಳಗೆಳೆದುಕೊಂಡು ದಾರಿ ಕೊಟ್ಟರು. ಯಾರೂ ಯಾರನ್ನೂ ಮುಟ್ಟಲಿಲ್ಲ. ಅಷ್ಟು ಮಕ್ಕಳು ಅಷ್ಟು ಸದ್ದಿಲ್ಲದೆ ಓಡಾಡಿದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ.

"ಏನಿದು?" ಎಂದೆ.

ಕ್ಲಾಸು ಕಿಸಕ್ಕನೆ ನಕ್ಕಿತು. ಮಧ್ಯದ ಸಾಲಿನ ಮೊದಲ ಬೆಂಚಿನ ಹುಡುಗಿ ಎದ್ದು ನಿಂತಳು. ಅವಳ ಅಪ್ಪ ಹೊಳೆಯ ಆಚೆ ದಡದ ಚರ್ಮದ ಕಾರ್ಖಾನೆಯ ಮಾಲೀಕ, ಮನೆ ಮಾತ್ರ ಈಚೆ ದಡದಲ್ಲಿ. ಮಕ್ಕಳೆಲ್ಲ ಕೂತಿದ್ದ ಬೆಂಚುಗಳನ್ನು ಕೊಟ್ಟವನು ಅವನೇ. ಕೊಟ್ಟದ್ದು ಮರೆತುಹೋದೀತು ಎಂದು ಪ್ರತಿ ಬೆಂಚಿಗೂ ತನ್ನ ಹೆಸರು ಬರೆಸಿದ್ದಾನೆ.

"ಗಾಳಿ ಸಾಲು, ಮೇಡಂ" ಎಂದಳು. "ಆಚೆ ದಡದವರು ಗಾಳಿ ಹೋಗೋ ಕಡೆ ಕೂರ್ಬೇಕು. ಗಾಳಿ ಬರೋ ಕಡೆ ಕೂತ್ರೆ ವಾಸನೆ ನಮ್ಮ ಮೇಲೆ ಬರುತ್ತೆ."

ಎಷ್ಟು ವಿನಯದಿಂದ ಹೇಳಿದಳೆಂದರೆ, ಶಾಲೆಯ ಗಂಟೆ ಯಾವಾಗ ಹೊಡೆಯುತ್ತದೆ ಎಂದು ಹೊಸಬಳಿಗೆ ತಿಳಿಸುವಂತಿತ್ತು.

ಅವತ್ತೇ ಹೆಡ್‌ಮಾಸ್ಟರ ಕೋಣೆಗೆ ಹೋದೆ. ಕೇಳಿದೆ. ಅವರಿಗೆ ಖುಷಿಯೇ ಆಯಿತು. ತಮ್ಮ ಸಂಶೋಧನೆಯ ಬಗ್ಗೆ ವಿಜ್ಞಾನದ ಟೀಚರು ಬಂದು ಕೇಳುವುದೆಂದರೆ ಸುಮ್ಮನೆಯೇ.

"ಕೂತ್ಕೊಳ್ಳಿ, ಹೇಳ್ತೀನಿ. ನಾನು ಇಲ್ಲಿಗೆ ಬರೋ ಮೊದಲು ಆಚೆ ದಡದ ಮಕ್ಕಳಿಗೆ ಬೇರೆ ಕೋಣೆ ಇತ್ತು. ಹಳೇ ಉಗ್ರಾಣ. ಬೆಳಕಿಲ್ಲ, ಏನಿಲ್ಲ. ನಾನು ಬಂದ ವರ್ಷವೇ ಮುಚ್ಚಿಸ್ದೆ. ಎಲ್ಲರೂ ಒಂದೇ ಸೂರಿನಡಿ ಕೂರ್ಬೇಕು ಅಂದೆ. ಊರೆಲ್ಲ ಹಾರಾಡ್ತು. ಆಗ ಹೊಳೀತು ನೋಡಿ ಇದು. ಭೇದ ಎಲ್ಲಿದೆ ಹೇಳಿ ಇದ್ರಲ್ಲಿ? ಇವತ್ತು ಅವರು ಏಳ್ತಾರೆ, ಜೊತೆಗೆ ಇವರೂ ಏಳ್ತಾರೆ. ಗಾಳಿ ಯಾರ ಪಕ್ಷಾನೂ ವಹಿಸಲ್ಲ."

"ಮಕ್ಕಳು ಸ್ನಾನ ಮಾಡ್ಕೊಂಡೇ ಬರ್ತಾರೆ, ಸರ್."

"ಮಾಡ್ತಾರೆ. ಯಾರು ಇಲ್ಲ ಅಂದ್ರು? ಅದು ಚರ್ಮದೊಳಗೇ ಇಳಿದುಬಿಟ್ಟಿರುತ್ತೆ, ಪಾಪ."

ಆ 'ಪಾಪ'ಕ್ಕೆ ನನ್ನ ಮೈ ಉರಿಯಿತು. ಅವರು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ದನಿ ಇಳಿಸಿದರು.

"ನಿಮ್ಮ ಅರ್ಜಿ ನಾನೇ ನೋಡಿದ್ದು. ವಿಳಾಸ ಓದ್ದೆ. ಆಚೆ ದಡ. ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ. ನೋಡಿದ್ರೆ ಗೊತ್ತೇ ಆಗಲ್ಲ ಬಿಡಿ, ಎಷ್ಟು ಚೊಕ್ಕಟವಾಗಿದ್ದೀರಿ."

'ನೋಡಿದ್ರೆ' ಎನ್ನುವಾಗ ಅವರು ಉಪಯೋಗಿಸುತ್ತಿದ್ದದ್ದು ಕಣ್ಣಲ್ಲ. ಮೂಗಿನ ಹೊಳ್ಳೆ ಸಣ್ಣಗೆ ಅರಳಿ ಮುಚ್ಚಿತು.

ಇದಕ್ಕೆ ನಾನು ಕೃತಜ್ಞಳಾಗಿರಬೇಕು ಎಂಬುದು ಅವರ ನಿರೀಕ್ಷೆ. ನನ್ನ ಮನೆಯನ್ನು ಗುಟ್ಟು ಮಾಡಿ, ಆ ಗುಟ್ಟನ್ನು ನನಗೇ ಸಾಲ ಕೊಟ್ಟರು. ಮೊದಲ ಕೆಲವು ವಾರ ನನ್ನ ಕೆಲಸವನ್ನು ಪರೀಕ್ಷಿಸುವ ವಾರಗಳು, ಅದಾದ ಮೇಲೆ ಶಿಕ್ಷಣಾಧಿಕಾರಿ ಬಂದು ಹಿಂದಿನ ಬೆಂಚಿನಲ್ಲಿ ಕೂತು ಒಂದು ಪಾಠ ನೋಡುತ್ತಾರೆ, ಅವರು ಹೂಂ ಎಂದರೆ ಕೆಲಸ ಕಾಯಂ ಎಂದೂ ತಿಳಿಸಿದರು. ಊಹೂಂ ಎಂದರೆ ಏನು ಎಂದು ಅವರು ತಿಳಿಸಬೇಕಾದ್ದೇ ಇರಲಿಲ್ಲ.

ನನ್ನ ಅಪ್ಪ ಅದೇ ಕಾರ್ಖಾನೆಯ ಸುಣ್ಣದ ತೊಟ್ಟಿಯಲ್ಲಿ ಕೆಲಸ ಮಾಡುತ್ತಾನೆ. ಹಸಿ ಚರ್ಮ ಬಂದರೆ ಮೊದಲು ಇಳಿಯುವುದು ಅಲ್ಲಿಗೆ. ಸುಣ್ಣದ ನೀರಲ್ಲಿ ನೆನೆದರೆ ಕೂದಲು ಸಡಿಲವಾಗುತ್ತದೆ. ಚರ್ಮ ತಾನಾಗಿ ಮಗ್ಗುಲು ಬದಲಿಸುವುದಿಲ್ಲ. ತೊಡೆಮಟ್ಟ ನೀರಿಗೆ ಇಳಿದು ಕೊಕ್ಕೆ ಹಾಕಿ ಎಳೆಯಬೇಕು, ಅಡಿಯದ್ದನ್ನು ಮೇಲೆ, ಮೇಲಿನದ್ದನ್ನು ಅಡಿಗೆ. ಒದ್ದೆ ಚರ್ಮ ಒಂದೊಂದೂ ಒಂದು ಹೆಣದ ಭಾರ. ಅಪ್ಪನ ಕಾಲ್ಬೆರಳ ಸಂದಿಯಲ್ಲಿ ಚರ್ಮವೇ ಇಲ್ಲ. ಉಗುರು ಎಂದೋ ಹೋದವು. ಸಂಜೆ ಬಂದು ಕಾಲನ್ನು ಎಣ್ಣೆ ನೀರಿನ ಬೋಗುಣಿಯಲ್ಲಿಟ್ಟು ಕೂತರೆ ಸ್ವಲ್ಪ ಹೊತ್ತು ಯಾರ ಮಾತಿಗೂ ಉತ್ತರ ಕೊಡುವುದಿಲ್ಲ. ಅಮ್ಮ ಅಲ್ಲೇ ಕೂದಲು ಹೆರೆಯುವ ಕಡೆ ಇದ್ದಳು. ಬೆನ್ನು ಹೋದ ಮೇಲೆ ಬಿಡಿಸಿದರು. ಬಿಡಿಸಿದರು ಎಂದರೆ, ನಾಳೆಯಿಂದ ಬರಬೇಡ ಎಂದರು.

ಗಾಳಿ ಸಾಲಿನ ವಿಷಯ ಮನೆಯಲ್ಲಿ ಹೇಳಿದೆ. ಅಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ.

"ಸುಮ್ನಿರು ಮಗಳೇ. ಕಾಯಂ ಆಗೋವರೆಗೆ ಬಾಯಿಗೆ ಬೀಗ ಹಾಕ್ಕೋ."

"ಆಮೇಲೆ?"

"ಆಮೇಲೆ ಅಭ್ಯಾಸ ಆಗುತ್ತೆ."

ಅಮ್ಮ ಒಲೆಯ ಮುಂದಿನಿಂದಲೇ ಕೇಳಿದಳು: "ಅದನ್ನ ಅವಳಿಗೆ ಹೇಳ್ತಿದೀರೋ, ನಿಮಗೆ ನೀವೇ ಹೇಳ್ಕೊಳ್ತಿದೀರೋ?"

"ನಿನಗೇನು ಗೊತ್ತು ಸುಮ್ನಿರೆ. ಇವಳ ಕೆಲಸ ಕಾಯಂ ಆದ ದಿನ ನಾನು ತೊಟ್ಟಿಯಿಂದ ಹತ್ತಿ ಬರ್ತೀನಿ. ಮತ್ತೆ ಇಳಿಯಲ್ಲ. ಮೇಸ್ತ್ರಿ ಮುಖಕ್ಕೆ ಕೊಕ್ಕೆ ಎಸೆದು ಬರ್ತೀನಿ. ಅಲ್ಲಿವರೆಗೆ ಯಾರೂ ಏನೂ ಕೆಡಿಸ್ಬೇಡಿ."

ಅವನು ಹಾಗೆ ಆಸೆಪಟ್ಟು ಮಾತಾಡಿದ್ದನ್ನು ನಾನು ಕೇಳಿದ್ದೇ ಕಡಿಮೆ. ಹಾಗಾಗಿ ಬೀಗ ಹಾಕಿಕೊಳ್ಳುತ್ತೇನೆ ಎಂದೆ. ಹಾಕಿಕೊಳ್ಳಲು ಆಗಲಿಲ್ಲ, ಅದು ಬೇರೆ ಮಾತು.

ನನ್ನ ಪೀರಿಯಡ್ಡಿನಲ್ಲಿ ಬಟ್ಟೆ ಚೂರನ್ನು ಬಿಚ್ಚಿ ಮೇಜಿನ ಮೇಲಿಟ್ಟೆ. ಯಾರು ಎಲ್ಲಿ ಬೇಕಾದರೂ ಕೂರಬಹುದು ಎಂದೆ. ಈಚೆ ದಡದ ಮಕ್ಕಳು ಮುಖ ಮುಖ ನೋಡಿಕೊಂಡರು. ಆಚೆ ದಡದವರು ಕದಲಲಿಲ್ಲ. ನಾನು ಹೆಸರು ಹಿಡಿದು ಕರೆದು ಮಧ್ಯಕ್ಕೆ ಕೂರಿಸಿದೆ. ನನ್ನ ಬಗ್ಗೆ ನನಗೇ ಒಂದಿಷ್ಟು ಹೆಮ್ಮೆಯಾಯಿತು. ಶಾಖ ಹೇಗೆ ಹರಡುತ್ತದೆ ಎಂದು ಪಾಠ ಮಾಡಿದೆ. ಒಳ್ಳೆಯ ಪಾಠ.

ಸ್ಟಾಫ್ ರೂಮಿನಲ್ಲಿ ಭಾಷೆ ಟೀಚರು ನನ್ನ ಪಕ್ಕ ಬಂದು ಕೂತರು. ಅವರ ಕರವಸ್ತ್ರಕ್ಕೆ ಸದಾ ಅತ್ತರು. ಆಚೆ ದಡದ ಮಕ್ಕಳ ಪುಸ್ತಕ ತಿದ್ದುವಾಗ ಅದನ್ನು ಎಡಗೈಯಲ್ಲಿ ಮೂಗಿಗೆ ಹಿಡಿದು, ಬಲಗೈಯಲ್ಲಿ ಕೆಂಪು ಗೀಟು ಎಳೆಯುತ್ತಾರೆ. ಕರುಣೆಯ ಬಗ್ಗೆ ಇರುವ ಪಾಠಗಳನ್ನು ಅವರಷ್ಟು ಚೆನ್ನಾಗಿ ಓದುವವರು ಶಾಲೆಯಲ್ಲಿ ಇನ್ನೊಬ್ಬರಿಲ್ಲ. ಓದುತ್ತಾ ಕಣ್ಣೊರೆಸಿಕೊಳ್ಳುತ್ತಾರೆ, ಅದೇ ಕರವಸ್ತ್ರದಲ್ಲಿ.

"ಹೊಸದ್ರಲ್ಲಿ ನಾನೂ ಹೀಗೇ ಇದ್ದೆ ಕಣಮ್ಮ" ಎಂದರು. "ಎಲ್ಲಾ ನಮ್ಮ ಮಕ್ಕಳೇ ಅನ್ಸುತ್ತೆ. ಆದ್ರೆ ಮನೆಗೆ ಹೋದ್ಮೇಲೆ ತಲೆಗೂದಲಲ್ಲೇ ಕೂತಿರುತ್ತೆ ಆ ವಾಸನೆ. ನೀವು ಚೆನ್ನಾಗಿರೋ ಮನೆಯಿಂದ ಬಂದವರು. ನಿಮಗೆ ಗೊತ್ತಾಗಲ್ಲ."

ನಾನು ಅವರಿಗೆ ತಾಗುವಷ್ಟು ಹತ್ತಿರ ಕೂತಿದ್ದೆ. ಅವರ ತಟ್ಟೆಯಿಂದ ನಾನು, ನನ್ನ ತಟ್ಟೆಯಿಂದ ಅವರು ಬಿಸ್ಕತ್ತು ತೆಗೆದುಕೊಂಡು ತಿನ್ನುತ್ತಿದ್ದೆವು. ಅವರ ಮೂಗಿನ ಯೋಗ್ಯತೆ ಇಷ್ಟು.

ಮಕ್ಕಳಲ್ಲಿ ಒಬ್ಬಳಿದ್ದಾಳೆ, ಗುಂಡುಸೂಜಿ ಎಂದು ಕರೆಯುತ್ತಾರೆ. ಮೈಯೂ ಹಾಗೆ, ಮಾತೂ ಹಾಗೆ. ಆಚೆ ದಡದವಳು. ನಮ್ಮ ಮನೆಯಿಂದ ಎರಡು ಓಣಿ ಆಚೆ. ನಾನು ಯಾರ ಮಗಳೆಂದು ಅವಳಿಗೆ ಮೊದಲ ದಿನದಿಂದ ಗೊತ್ತು, ಆಚೆ ದಡದ ಎಲ್ಲ ಮಕ್ಕಳಿಗೂ ಗೊತ್ತು. ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ನಮ್ಮ ಕಡೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ತಾನಾಗಿ ಬರುತ್ತದೆ.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಟೀಚರುಗಳ ಪಾಯಿಖಾನೆಗೆ ಹೋದೆ. ಒಳಗೆ ಗುಂಡುಸೂಜಿ ಇದ್ದಳು. ಲಂಗ ಮೊಣಕಾಲಿಗೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ನೆಲ ಉಜ್ಜುತ್ತಿದ್ದಳು. ಮೊಣಕೈವರೆಗೆ ನೊರೆ. ಪಕ್ಕದಲ್ಲಿ ಇನ್ನಿಬ್ಬರು ಹುಡುಗಿಯರು ಬಕೆಟ್ಟು ಹೊತ್ತು ನಿಂತಿದ್ದರು. ಮೂವರನ್ನೂ ನಾನು ಹಿಂದಿನ ದಿನ ಮಧ್ಯದ ಸಾಲಿಗೆ ಕೂರಿಸಿದ್ದೆ.

"ಯಾರು ಹೇಳಿದ್ದು ಇದನ್ನ ಮಾಡು ಅಂತ?"

"ಸಾಲು ಬಿಟ್ಟು ಕೂತ್ರೆ ಪಾಯಿಖಾನೆ, ಮೇಡಂ. ಮೊದ್ಲಿಂದ ಇರೋದೇ."

"ನನ್ನ ಪೀರಿಯಡ್ಡಲ್ಲಿ ನಾನು ಕೂರಿಸಿದ್ದು."

"ನೀವು ಕೂರಿಸ್ತೀರಿ. ಉಜ್ಜೋದು ನಾವು."

"ನನಗ್ಯಾಕೆ ಹೇಳ್ಲಿಲ್ಲ?"

ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಹೇಳಿದ್ರೆ ನೀವು ಅಳ್ತಿದ್ರಿ. ಆಮೇಲೆ ನಾವು ನಿಮಗೆ ಸಮಾಧಾನ ಮಾಡ್ಬೇಕಿತ್ತು." ನೀರು ಸುರಿದಳು. "ಒಳ್ಳೆಯವರಾಗೋದಿದ್ರೆ ಇಡೀ ದಿನ ಆಗಿ ಮೇಡಂ. ಒಂದು ಪೀರಿಯಡ್ಡಿಗೆ ಬೇಡ."

ನಾನು ಅಳಲಿಲ್ಲ. ಅವಳ ಕೈಯಿಂದ ಬ್ರಷ್ಷು ಕಿತ್ತುಕೊಂಡು ನೆಟ್ಟಗೆ ಹೆಡ್‌ಮಾಸ್ಟರ ಕೋಣೆಗೆ ಹೋದೆ. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಶಿಕ್ಷೆ ಅಲ್ಲ ಅದು, ಸೇವೆ" ಎಂದರು. "ಶ್ರಮದ ಗೌರವ ಮಕ್ಕಳಿಗೆ ಗೊತ್ತಾಗ್ಬೇಕು."

"ಮಾಲೀಕರ ಮಗಳಿಗೂ ಗೊತ್ತಾಗ್ಲಿ ಸರ್."

ಅವರು ನಕ್ಕರು. ಬ್ರಷ್ಷಿನಿಂದ ಬೀಳುತ್ತಿದ್ದ ನೀರನ್ನು ನೋಡಿದರು. "ಅಧಿಕಾರಿಗಳು ಮುಂದಿನ ವಾರ ಬರ್ತಾರೆ. ನಿಮ್ಮ ಮನೆ ಪರಿಸ್ಥಿತಿ ನನಗೆ ಗೊತ್ತು. ನಿಮ್ಮ ತಂದೆಯವರಿಗೆ ವಯಸ್ಸಾಯ್ತು. ಅದನ್ನ ಜವಾನನ ಕೈಗೆ ಕೊಟ್ಟು ಕೈ ತೊಳ್ಕೊಂಡು ಬನ್ನಿ, ಪಾಠದ ವಿಷಯ ಮಾತಾಡೋಣ."

ಇಂಥವರು ಬೈಯುವುದಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಕೆಲವರು ಕೇಳುತ್ತಾರೆ, ಈಚೆ ದಡದವರ ಬೂಟು, ಬೆಲ್ಟು, ಕೈಚೀಲ ಎಲ್ಲ ನಿಮ್ಮ ತೊಟ್ಟಿಯಿಂದಲೇ ಬಂದದ್ದಲ್ಲವೇ, ಅದನ್ನು ಅವರ ಮುಖಕ್ಕೆ ಹೇಳಬಾರದಿತ್ತೇ ಎಂದು. ನಮ್ಮ ಅಜ್ಜಂದಿರ ಕಾಲದಿಂದ ಅದನ್ನು ಹೇಳಿ ಆಗಿದೆ. ಹೇಳಿದಾಗಲೆಲ್ಲ ಅವರು ತಲೆದೂಗುತ್ತಾರೆ. ಹೌದು ಪಾಪ, ನೀವಿಲ್ಲದೆ ನಾವಿಲ್ಲ ಎನ್ನುತ್ತಾರೆ. ಆಮೇಲೆ ಬೂಟು ಹಾಕಿಕೊಂಡು ಹೋಗುತ್ತಾರೆ. ಆ ವಾದ ನನಗೆ ಬೇಡ. ಬೂಟು ಮಾಡದವರ, ಯಾರಿಗೂ ಏನೂ ಮಾಡಿಕೊಡದವರ ಮಕ್ಕಳೂ ಬೆಂಚಿನ ಮೇಲೆ ಕೂರಬೇಕು.

ಪಾಠದ ವಿಷಯ ಹೆಡ್‌ಮಾಸ್ಟರೇ ಆರಿಸಿದರು. ಗಾಳಿಯ ಒತ್ತಡ. ತುಂಬಿದ ಗಾಜಿನ ಲೋಟಕ್ಕೆ ರಟ್ಟು ಮುಚ್ಚಿ ತಲೆಕೆಳಗು ಮಾಡಿದರೂ ನೀರು ಬೀಳುವುದಿಲ್ಲ, ಅದನ್ನು ಮಾಡಿ ತೋರಿಸಿ, ಅಧಿಕಾರಿಗಳಿಗೆ ಇಷ್ಟವಾಗುತ್ತದೆ ಎಂದರು. ಕಿಟಕಿಯ ಹರಕು ಬಟ್ಟೆ ತೆಗೆಸಿ ಹೊಸ ಹಸಿರು ರಿಬ್ಬನ್ನು ಕಟ್ಟಿಸಿದರು. "ಅವರಿಗೆ ಅಲಂಕಾರ ಅನ್ನಿಸ್ಲಿ" ಎಂದರು. ಅಂದು ಜವಾನ 'ಬದಲು' ಎನ್ನಬಾರದು, ಒಂದು ಪೀರಿಯಡ್ಡು ಗಾಳಿ ಹೇಗಿದ್ದರೂ ಎಲ್ಲರೂ ಸಹಿಸಿಕೊಳ್ಳಬೇಕು ಎಂದು ಅಪ್ಪಣೆಯಾಯಿತು. ಜವಾನನಿಗೆ ಹೇಳಿದರು, ಟೀಚರುಗಳಿಗೆ ಹೇಳಿದರು. ಮಕ್ಕಳಿಗೆ ಹೇಳುವುದು ಯಾರಿಗೂ ತೋಚಲಿಲ್ಲ. ಹೇಳದೆ ಮಕ್ಕಳು ಏಳುತ್ತಾರೆಂದು ಯಾರಿಗೆ ಗೊತ್ತು.

ಪ್ರಯೋಗಕ್ಕೆ ನಾನು ಗುಂಡುಸೂಜಿಯನ್ನು ಆರಿಸಿದೆ. ಅವಳ ಕೈ ನಡುಗುವುದಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿಸಿದೆ. ಅಪ್ಪ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ನೋಡುತ್ತಿದ್ದ. ನೀರು ಬೀಳಲಿಲ್ಲ. "ಭಲೇ" ಎಂದ. "ಹೀಗೇ ಮಾಡು. ಒಂದು ಹನಿ ಬೀಳ್ಬಾರ್ದು."

ಅಧಿಕಾರಿ ಬಂದರು. ದಪ್ಪ ದೇಹ, ತೆಳ್ಳನೆಯ ಧ್ವನಿ. ಬಂದವರೇ ಹಿಂದಿನ ಬೆಂಚಿನಲ್ಲಿ ಕೂರಲಾಗದೆ, ಕುರ್ಚಿ ತರಿಸಿ ನನ್ನ ಮೇಜಿನ ಪಕ್ಕಕ್ಕೇ ಹಾಕಿಸಿಕೊಂಡರು. ಹೆಡ್‌ಮಾಸ್ಟರು ಬಾಗಿಲ ಬಳಿ ಕೈಕಟ್ಟಿ ನಿಂತರು. ಪಾಠ ಶುರುವಾಯಿತು. ಮಕ್ಕಳು ಕೇಳಿದ್ದಕ್ಕೆ ಉತ್ತರ ಕೊಟ್ಟರು. ಅಧಿಕಾರಿ ತಲೆಯಾಡಿಸಿದರು. ಗುಂಡುಸೂಜಿ ಬಂದು ಲೋಟ ತುಂಬಿದಳು, ರಟ್ಟು ಮುಚ್ಚಿದಳು, ತಲೆಕೆಳಗು ಮಾಡಿ ಕೈ ತೆಗೆದಳು. ನೀರು ನಿಂತಿತು.

ಹೊರಗೆ ಮೋಡ ಕವಿದಿತ್ತು. ಇದ್ದಕ್ಕಿದ್ದಂತೆ ಗಾಳಿ ತಿರುಗಿತು. ಹಸಿರು ರಿಬ್ಬನ್ನು ಒಮ್ಮೆ ಜೋತುಬಿದ್ದು, ಆಮೇಲೆ ಕಿಟಕಿಯಿಂದ ಹೊರಕ್ಕೆ ಹಾರತೊಡಗಿತು.

ಬಲಗೋಡೆಯ ಮಕ್ಕಳು ಎದ್ದರು.

ಯಾರೂ ಹೇಳಲಿಲ್ಲ. ಜವಾನ ಇರಲಿಲ್ಲ. ಅವರು ನನ್ನನ್ನೂ ನೋಡುತ್ತಿರಲಿಲ್ಲ, ಲೋಟವನ್ನೂ ನೋಡುತ್ತಿರಲಿಲ್ಲ. ಪಾಠದ ಉದ್ದಕ್ಕೂ ಅವರ ಒಂದು ಕಣ್ಣು ಆ ರಿಬ್ಬನ್ನಿನ ಮೇಲೆಯೇ ಇತ್ತೆಂದು ನನಗೆ ಆಗ ತಿಳಿಯಿತು. ನನ್ನ ಎಲ್ಲ ಪಾಠಗಳನ್ನೂ ಅವರು ಹಾಗೆಯೇ ಕೇಳಿದ್ದರು. ಚೀಲ ಎತ್ತಿಕೊಂಡರು, ತಲೆ ತಗ್ಗಿಸಿದರು, ಎಡಗೋಡೆಗೆ ನಡೆದರು. ಎಡಗೋಡೆಯವರು ಎದ್ದು ಬಲಕ್ಕೆ ಹೋದರು, ಬೆಂಚು ಒರೆಸಿಕೊಂಡು ಕೂತರು. ಗುಂಡುಸೂಜಿಯ ಚೀಲವನ್ನು ಅವಳ ಪಕ್ಕದವಳು ಹೊತ್ತೊಯ್ದು ಇಟ್ಟಳು. ಗುಂಡುಸೂಜಿ ಮಾತ್ರ ತಲೆಕೆಳಗಾದ ಲೋಟ ಹಿಡಿದು ಮೇಜಿನ ಬಳಿ ನಿಂತೇ ಇದ್ದಳು.

ಹೆಡ್‌ಮಾಸ್ಟರ ಮುಖದಲ್ಲಿ ರಕ್ತವಿರಲಿಲ್ಲ. ಅಧಿಕಾರಿ ಬಾಯಿ ತೆರೆದುಕೊಂಡು ನೋಡುತ್ತಿದ್ದರು.

"ಏನಿದು?"

"ಚಟುವಟಿಕೆ, ಸರ್" ಎಂದರು ಹೆಡ್‌ಮಾಸ್ಟರು. ಸುಳ್ಳು ಅವರ ಬಾಯಿಗೆ ಅಷ್ಟು ಬೇಗ ಬಂದದ್ದನ್ನು ಮೆಚ್ಚಲೇಬೇಕು. "ಗಾಳಿ ಪಾಠ ಅಲ್ವಾ ಸರ್. ಗಾಳಿಯ ದಿಕ್ಕನ್ನ ಮಕ್ಕಳು ತಾವೇ ಗಮನಿಸಿ, ಅದಕ್ಕೆ ತಕ್ಕಂತೆ ಜಾಗ ಬದಲಿಸ್ತಾರೆ. ಗಾಳಿ ಸಾಲು ಅಂತ ಕರೀತೀವಿ."

"ಒಂದು ಮಾತೂ ಇಲ್ದೆ?"

"ಒಂದು ಮಾತೂ ಇಲ್ದೆ ಸರ್."

"ಅದ್ಭುತ" ಎಂದರು ಅಧಿಕಾರಿ. ನಿಜವಾಗಿಯೂ ಹಾಗೆಂದರು. "ಇಷ್ಟು ಶಿಸ್ತು ನಾನೆಲ್ಲೂ ನೋಡಿಲ್ಲ. ಪುಸ್ತಕದ ಪಾಠವಲ್ಲ ಇದು, ಮೈಗೆ ಹತ್ತಿದ ಪಾಠ. ಯಾರ ಯೋಚನೆ?"

ಹೆಡ್‌ಮಾಸ್ಟರು ನನ್ನನ್ನು ನೋಡಿದರು. ಜೀವಮಾನದ ಸಂಶೋಧನೆಯನ್ನು ಬಿಟ್ಟುಕೊಡಲು ಅವರಿಗೆ ಸಂಕಟವಾಯಿತು, ನನಗೆ ಕಾಣಿಸಿತು. ಆದರೆ ಬಿಟ್ಟುಕೊಟ್ಟರು. "ನಮ್ಮ ಹೊಸ ಮೇಡಮ್ಮಿಂದು ಸರ್."

"ನೀವು ಇವತ್ತೇ ಕಾಯಂ ಅಂತ ತಿಳ್ಕೊಳ್ಳಿ ಮೇಡಂ" ಎಂದು ಅಧಿಕಾರಿ ಎದ್ದು ಬಂದು ನನ್ನ ಪಕ್ಕ ನಿಂತರು. "ಎಲ್ಲಾ ಶಾಲೆಗೂ ಇದನ್ನ ತರ್ತೀನಿ. ಗಾಳಿ ಸಾಲು. ಹೆಸರೂ ಚೆನ್ನಾಗಿದೆ. ಇದರ ತತ್ವ ಏನು, ನಿಮ್ಮ ಮಾತಲ್ಲೇ ಸ್ವಲ್ಪ ಹೇಳಿ."

ಎಲ್ಲಾ ಶಾಲೆಗೂ.

ಹೆಡ್‌ಮಾಸ್ಟರು ಕಣ್ಣಲ್ಲೇ ಹೇಳುತ್ತಿದ್ದರು, ನಕ್ಕುಬಿಡಿ, ಏನೋ ನಾಲ್ಕು ಮಾತು ಆಡಿ, ಮುಗೀತು. ಅಪ್ಪನ ಕಾಲು ನನ್ನ ಕಣ್ಣ ಮುಂದೆ ಬಂತು. ನಾನು ನಾಲ್ಕು ಮಾತು ಆಡಿದ್ದರೆ ಆ ಕಾಲು ಒಣಗುತ್ತಿತ್ತು. ಸಂದಿಯಲ್ಲಿ ಹೊಸ ಚರ್ಮ ಬರುತ್ತಿತ್ತು. ಇದನ್ನು ನಾನು ಮುಚ್ಚಿಡುವುದಿಲ್ಲ, ಆ ಹೊತ್ತು ನನ್ನ ಬಾಯಲ್ಲಿ ಆ ನಾಲ್ಕು ಮಾತು ಸಿದ್ಧವಾಗಿಯೇ ಇದ್ದವು. ಎಡಗೋಡೆಯ ಮಕ್ಕಳನ್ನು ನೋಡಿದೆ. ಅವರು ನನ್ನ ಬಾಯಿ ನೋಡುತ್ತಿರಲಿಲ್ಲ. ಮತ್ತೆ ರಿಬ್ಬನ್ನನ್ನು ನೋಡುತ್ತಿದ್ದರು.

"ತತ್ವ ಏನಿಲ್ಲ ಸರ್" ಎಂದೆ. "ಎದ್ದು ಹೋದರಲ್ಲ, ಅವರು ಹೊಳೆ ಆಚೆ ದಡದವರು. ಅವರ ಅಪ್ಪ ಅಮ್ಮ ಚರ್ಮ ಹದ ಮಾಡ್ತಾರೆ. ಅವರ ವಾಸನೆ ಈಚೆ ದಡದವರಿಗೆ ತಾಗ್ಬಾರ್ದು ಅಂತ, ಗಾಳಿ ತಿರುಗಿದಾಗೆಲ್ಲ ಎಬ್ಬಿಸಿ ಆ ಕಡೆ ಕೂರಿಸ್ತಾರೆ. ಏಳದಿದ್ರೆ ಪಾಯಿಖಾನೆ ತೊಳೆಸ್ತಾರೆ. ಇದು ನನ್ನ ಯೋಚನೆ ಅಲ್ಲ. ಹೆಡ್‌ಮಾಸ್ಟರದ್ದು. ಹೊಗಳೋದಿದ್ರೆ ಅವರನ್ನೇ ಹೊಗಳಿ."

"ಮೇಡಂ" ಎಂದರು ಹೆಡ್‌ಮಾಸ್ಟರು.

"ಇನ್ನೂ ಇದೆ ಸರ್. ನಾನೂ ಆಚೆ ದಡದವಳೇ. ನಮ್ಮಪ್ಪ ಸುಣ್ಣದ ತೊಟ್ಟಿಯಲ್ಲಿ ನಿಲ್ತಾನೆ. ಇಷ್ಟು ಹೊತ್ತೂ ನೀವು ನನ್ನ ಪಕ್ಕದಲ್ಲೇ ಇದ್ರಿ."

ಅಧಿಕಾರಿ ನನ್ನನ್ನು ನೋಡಿದರು. ಆಮೇಲೆ ರಿಬ್ಬನ್ನನ್ನು ನೋಡಿದರು. ಅದು ಯಾವ ಕಡೆ ಹಾರುತ್ತಿದೆ ಎಂದು ಸರಿಯಾಗಿ ನೋಡಿಕೊಂಡರು. ನೋಡಿಕೊಂಡು, ಗಾಳಿ ಬರುವ ಕಡೆಗೆ ಸರಿದು ನಿಂತರು.

ಅವತ್ತು ಆ ಕ್ಲಾಸಿನಲ್ಲಿ ಅಷ್ಟು ಬೇಗ ಪಾಠ ಕಲಿತ ವಿದ್ಯಾರ್ಥಿ ಬೇರೆ ಯಾರೂ ಇಲ್ಲ.

ಹೆಡ್‌ಮಾಸ್ಟರು ಈಗ ಬೈದರು. ಕೊನೆಗೂ ಬೈದರು. ಉಪ್ಪು ತಿಂದ ಮನೆಗೆ ಎರಡು ಬಗೆದವಳು ಎಂದರು, ಗುಟ್ಟು ಕಾಯ್ದಿದ್ದಕ್ಕೆ ಇದೇನಾ ಎಂದರು, ನಾಳೆಯಿಂದ ಬರುವುದು ಬೇಡ ಎಂದರು.

"ಸರಿ ಸರ್. ಬರೆದು ಕೊಡಿ. ಕಾರಣ ವಾಸನೆ ಅಂತ ಬರೀರಿ, ಅಧಿಕಾರಿಗಳೂ ಸಹಿ ಹಾಕ್ಲಿ. ತಗೊಂಡು ಈಗ್ಲೇ ಹೋಗ್ತೀನಿ."

ಬರೆಯುವ ಮಾತು ಬಂದೊಡನೆ ಅಧಿಕಾರಿಗೆ ಇನ್ನೊಂದು ಶಾಲೆಯ ಕೆಲಸ ನೆನಪಾಯಿತು. "ಅವಸರ ಬೇಡ, ಅವಸರ ಬೇಡ. ಕಾಯಂ ವಿಷಯ ಮುಂದಿನ ವರ್ಷ ನೋಡೋಣ. ಪರೀಕ್ಷೆಯ ಅವಧಿ ಮುಂದುವರೀಲಿ" ಎನ್ನುತ್ತಾ ಹೊರಟರು. ಮೈಮೇಲೆ ಕೈ ಮಾಡಲು ಹಿಂಜರಿಯದ ಜನ ಕಾಗದದ ಮೇಲೆ ಕೈ ಇಡಲು ನಡುಗುತ್ತಾರೆ. ಹೆಡ್‌ಮಾಸ್ಟರು ಬಾಗಿಲಲ್ಲೇ ಉಳಿದರು. ಯಾರ ಮೇಲಾದರೂ ತೀರಿಸಿಕೊಳ್ಳಬೇಕಿತ್ತು.

"ಆಚೆ ದಡದವರೆಲ್ಲ ಎದ್ದು ಹೊರಗೆ ನಡೀರಿ" ಎಂದರು.

ಮಕ್ಕಳು ಅರ್ಧ ಎದ್ದರು. ಮೊಣಕಾಲು ಮಡಚಿಕೊಂಡು, ಚೀಲದ ಮೇಲೆ ಕೈಯಿಟ್ಟು, ಹಾಗೇ ನಿಂತರು. ಗುಂಡುಸೂಜಿ ಲೋಟವನ್ನು ನೆಟ್ಟಗೆ ಮಾಡಿ ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡಳು.

"ಮೇಡಮ್ಮೂ ಬರ್ಬೇಕಾ ಸರ್?" ಎಂದಳು. "ಅವರೂ ನಮ್ಮೋರೇ. ಗಾಳಿ ತಿರುಗಿದಾಗೆಲ್ಲ ಅವರೂ ಏಳ್ಬೇಕು ಅಂದ್ರೆ, ಹಲಗೇನೂ ಹೊತ್ಕೊಂಡೇ ಓಡಾಡ್ಬೇಕಾಗುತ್ತೆ. ಬೆನ್ನಿಗೆ ಕಟ್ಕೊಳ್ಳೋಕೆ ಒಂದು ಹಗ್ಗ ಕೊಡಿಸಿ."

ಮೊದಲು ನಕ್ಕವರು ಈಚೆ ದಡದ ಹುಡುಗರು. ಮಕ್ಕಳಿಗೆ ನಗು ತಡೆಯುವುದು ಗೊತ್ತಿಲ್ಲ, ಅದು ದೊಡ್ಡವರಾದ ಮೇಲೆ ಬರುವ ವಿದ್ಯೆ. ಆಮೇಲೆ ಎಡಗೋಡೆಯೂ ನಕ್ಕಿತು. ಅರ್ಧ ಎದ್ದವರು ನಗುತ್ತಾ ಕೂತರು. ಕೂತ ಮೇಲೆ, ತಾವು ಕೂತಿದ್ದೇವೆ ಎಂದು ಅವರಿಗೇ ಗೊತ್ತಾಯಿತು. ಏಳಲಿಲ್ಲ. ಹೆಡ್‌ಮಾಸ್ಟರು ಇನ್ನೊಮ್ಮೆ ಕೂಗಿದರು. ಏಳಲಿಲ್ಲ.

ಹೆಡ್‌ಮಾಸ್ಟರು ಹೋದರು. ಗುಂಡುಸೂಜಿ ತನ್ನ ಚೀಲವನ್ನು ಎಡಗೋಡೆಯಿಂದ ಎತ್ತಿಕೊಂಡು ಬಂದು ಮಧ್ಯದ ಸಾಲಿನ ಮೊದಲ ಬೆಂಚಿನಲ್ಲಿ ಕೂತಳು. ಮಾಲೀಕನ ಮಗಳ ಪಕ್ಕ. ಮಾಲೀಕನ ಮಗಳು ಮೂಗು ಮುಚ್ಚಿಕೊಂಡು ನನ್ನನ್ನು ನೋಡಿದಳು.

"ಮೇಡಂ, ಇವಳನ್ನ ಎಬ್ಬಿಸಿ. ನನಗೆ ಆಗಲ್ಲ."

ನಾನು ಬಾಯಿ ತೆರೆಯುವ ಮೊದಲು ಗುಂಡುಸೂಜಿ ಹೇಳಿದಳು: "ಆಗದಿದ್ರೆ ನೀನೇ ಎದ್ದು ಹೋಗು."

ಆ ಹುಡುಗಿ ಸುತ್ತ ನೋಡಿದಳು. ಅವಳ ಜೀವನದಲ್ಲಿ ಯಾರೂ ಅವಳಿಗೆ ಏಳು ಎಂದಿರಲಿಲ್ಲ. ಎದ್ದು ಎಲ್ಲಿಗೆ ಹೋಗಬೇಕೆಂದು ಅವಳಿಗೆ ತಿಳಿಯಲಿಲ್ಲ. ಗಂಟೆ ಹೊಡೆಯುವವರೆಗೂ ಅಲ್ಲೇ ಕೂತಳು. ನಾನು ಪಾಠ ಮುಗಿಸಿದೆ.

ಸಂಜೆ ಅಪ್ಪ ಬಂದ. ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ. ಅವನು ಕಾಲನ್ನು ಬೋಗುಣಿಗೆ ಇಳಿಸುತ್ತಿದ್ದವನು ಹಾಗೇ ಎತ್ತಿ ಹಿಡಿದುಕೊಂಡ. ಕೆಂಪಗೆ ಬೆಂದ ಪಾದ. ನನಗೆ ಬೇರೆ ಕಡೆ ನೋಡಬೇಕೆನಿಸಿತು, ನೋಡಲಿಲ್ಲ.

"ಕಾಯಂ ಅಂದ್ಬಿಟ್ಟಿದ್ರಾ ಅವರು? ಬಾಯಿಬಿಟ್ಟು?"

"ಅಂದಿದ್ರು."

"ಅಂದ್ಮೇಲೂ ನೀನು ಹೇಳ್ದೆ."

"ಹೇಳ್ದೆ."

"ನಿನ್ನ ಬಾಯಿ, ನನ್ನ ಕಾಲು" ಎಂದ. ಜೋರಾಗಿ ಹೇಳಲಿಲ್ಲ. ಅದಕ್ಕಿಂತ ಕೆಟ್ಟ ಮಾತನ್ನು ಆ ದಿನ ನನಗೆ ಯಾರೂ ಆಡಿರಲಿಲ್ಲ, ಹೆಡ್‌ಮಾಸ್ಟರೂ ಆಡಿರಲಿಲ್ಲ. ಅಮ್ಮ ಏನೋ ಹೇಳಲು ಬಂದಳು, ಅವನು ಕೈ ಎತ್ತಿ ತಡೆದ. ಕಾಲು ನೀರಿಗಿಳಿಸಿದ. ಬೆರಳ ಸಂದಿಗಳನ್ನು ಒಂದೊಂದಾಗಿ ತೊಳೆದ. ಆಮೇಲೆ ಕೇಳಿದ:

"ಆ ಅಧಿಕಾರಿ. ನಿಜಕ್ಕೂ ಗಾಳಿ ನೋಡ್ಕೊಂಡೇ ಸರಿದ್ನಾ?"

"ನೋಡ್ಕೊಂಡೇ ಸರಿದ."

"ಅಷ್ಟು ಓದಿ?"

"ಅಷ್ಟು ಓದಿ."

ಅಪ್ಪ ಮುಖ ಬೇರೆ ಕಡೆ ತಿರುಗಿಸಿದ. ಅವನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡೆ. ನಗುತ್ತಿದ್ದ. ಕೆಮ್ಮು ಬರುವವರೆಗೆ ನಕ್ಕ. ಕೆಮ್ಮು ನಿಂತ ಮೇಲೆ ಅವನ ಕಣ್ಣಲ್ಲಿ ನೀರಿತ್ತು, ಅದು ಯಾವುದರದ್ದೆಂದು ನಾನು ಕೇಳಲಿಲ್ಲ.

"ನಾಳೇನೂ ಹೋಗು" ಎಂದ. "ದಿನಾ ಹೋಗು. ಅವರೆಲ್ಲ ಎಷ್ಟು ದೂರ ಸರೀತಾರೋ ಸರೀಲಿ. ನಾನು ಇನ್ನೊಂದು ವರ್ಷ ತೊಟ್ಟಿಗೆ ಇಳೀತೀನಿ."

ಮರುದಿನ ಬೆಳಿಗ್ಗೆ ಅವನು ಇಳಿದ.